‘ಪಡಲ್’ ಎಂಬ ಇಂಗ್ಲಿಷ್ ಶಬ್ದ: ಅರ್ಥ, ಮೂಲ ಮತ್ತು ಸಮಾನಪದ ವಿಚಾರ

ಸಮುದ್ರ, ನದಿ, ಸರೋವರ ಮೊದಲಾದ ಮಹಾಜಲಗಳನ್ನು ಹೇಳುವ ಶಬ್ದಗಳ ಚರಿತ್ರೆಯನ್ನು ಭಾಷಾಶಾಸ್ತ್ರಜ್ಞರು ಬಹುವಾಗಿ ಶೋಧಿಸಿರುವರು. ಮಳೆ ನಿಂತ ಬಳಿಕ ದಾರಿಯ ತಗ್ಗಿನಲ್ಲಿ ಒಂದೆರಡು ದಿನ ಉಳಿದು ಆರಿಹೋಗುವ ನೀರಿನ ಹೆಸರಿಗೆ ಅಂಥ ಗೌರವ ದೊರೆತಿರುವುದು ವಿರಳ. ಇಂಗ್ಲಿಷಿನಲ್ಲಿ ಇದಕ್ಕೆ ‘ಪಡಲ್’ ಎಂದು ಹೆಸರು. ಇದು ಮಕ್ಕಳೂ ಬಲ್ಲ ನಿತ್ಯೋಪಯೋಗದ ಮಾತು. ಇಷ್ಟು ಅಲ್ಪವಾದ ಶಬ್ದವೊಂದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಧ್ವನಿಸಾಮ್ಯವೊಂದನ್ನೇ ಆಧಾರಮಾಡಿಕೊಂಡು ಶಬ್ದಮೂಲವನ್ನು ನಿರ್ಣಯಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಉಳಿದಿದೆ. ಅದರ ದೋಷವನ್ನು ತೋರಿಸುವುದಕ್ಕೆ ಈ ಶಬ್ದದಷ್ಟು ಅನುಕೂಲವಾದ ನಿದರ್ಶನ ಸುಲಭವಾಗಿ ಸಿಕ್ಕದು. ಎರಡನೆಯದು, ಈ ಶಬ್ದಕ್ಕೆ ನಾವು ರೂಢಿಯಿಂದ ಕೊಡುತ್ತ ಬಂದಿರುವ ‘ಕೊಚ್ಚೆ’ ಎಂಬ ಸಮಾನಪದವು ಬಹುಮಟ್ಟಿಗೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಈ ಎರಡನ್ನೂ ಕ್ರಮವಾಗಿ ಪರಿಶೀಲಿಸೋಣ.

೧

ಶಬ್ದದ ಮೂಲವು ಒಂದು ಮಟ್ಟದವರೆಗೆ ಸ್ಪಷ್ಟವಾಗಿಯೇ ಇದೆ. ಹದಿನಾಲ್ಕನೆಯ ಶತಮಾನದ ಮಧ್ಯಕಾಲೀನ ಇಂಗ್ಲಿಷಿನಲ್ಲಿ ಇದು ‘ಪೊಡೆಲ್’, ‘ಪುಡೆಲ್’ ಎಂಬ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಪುಡ್ಡ್’ ಎಂಬ ವಿರಳ ಪ್ರಯೋಗದ ಶಬ್ದವೊಂದಿದ್ದಿತು. ಅದರ ಅರ್ಥ ಕಾಲುವೆ, ನೇಗಿಲಿನ ಸಾಲು. ಅದಕ್ಕೆ ಅಲ್ಪಾರ್ಥವನ್ನು ಸೂಚಿಸುವ ‘ಎಲ್’ ಪ್ರತ್ಯಯ ಸೇರಿ ‘ಪುಡೆಲ್’ ಆಯಿತು. ‘ನೋಸ್’ ಎಂಬ ನಾಸಿಕವಾಚಕಕ್ಕೆ ಇದೇ ಬಗೆಯ ಪ್ರತ್ಯಯ ಹತ್ತಿ ಕೊಳವೆಯ ಮೂತಿಗೆ ‘ನಾಜಲ್’ ಎಂಬ ಹೆಸರಾದುದನ್ನು ಇದರೊಡನೆ ಹೋಲಿಸಬಹುದು. ಆದುದರಿಂದ ‘ಪಡಲ್’ ಎಂದರೆ ವ್ಯುತ್ಪತ್ತಿಯ ದೃಷ್ಟಿಯಿಂದ ‘ಕಿರುಗಾಲುವೆ’, ‘ಕಿರುತಗ್ಗು’. ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ: ಹೆಸರು ಬಂದಿರುವುದು ನೀರಿನಿಂದಲ್ಲ, ನೀರು ನಿಂತ ತಗ್ಗಿನಿಂದ, ಮತ್ತು ಅದರ ಸಣ್ಣತನವು ಶಬ್ದದ ಶರೀರದಲ್ಲಿಯೇ ಅಡಗಿದೆ. ಕೊಳಕು, ದುರ್ಗಂಧ ಎಂಬ ಭಾವಕ್ಕೆ ಈ ಮೂಲದಲ್ಲಿ ಎಡೆಯಿಲ್ಲ.

ಇಂದಿನ ಉಚ್ಚಾರಣೆಯು ಹಳೆಯದಲ್ಲ. ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ನುಡಿಯಲ್ಲಿ ಹ್ರಸ್ವ ಉಕಾರವು ಹಲವೆಡೆ ಅಕಾರಕ್ಕೆ ಸಮೀಪವಾದ ಧ್ವನಿಯಾಗಿ ಮಾರ್ಪಟ್ಟಿತು. ಅದಕ್ಕೆ ಮೊದಲು ‘ಪುಡಲ್’ ಎಂಬಂತೆ ನುಡಿಯುತ್ತಿದ್ದರು. ಉತ್ತರ ಇಂಗ್ಲೆಂಡಿನ ಜನರ ಬಾಯಲ್ಲಿ ಇಂದಿಗೂ ಉಕಾರವೇ ಕೇಳಿಬರುತ್ತದೆ. ಜರ್ಮನ್ ಉಪಭಾಷೆಗಳಲ್ಲಿಯೂ ಇದೇ ಅರ್ಥದ ‘ಪೂಡೆಲ್’ ಎಂಬ ರೂಪವುಂಟು. ನೀರಿಗೆ ಬಿದ್ದ ಬೇಟೆಯ ಹಕ್ಕಿಯನ್ನು ಕಚ್ಚಿತರುವ ಗುಂಗುರು ಕೂದಲಿನ ನಾಯಿಗೆ ಜರ್ಮನರು ‘ಪೂಡೆಲ್‌ಹುಂಡ್’, ಎಂದರೆ ನೀರಿನಲ್ಲಿ ಎರಚಾಡುವ ನಾಯಿ, ಎಂದು ಹೆಸರಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ‘ಪೂಡಲ್’ ಎಂಬ ನಾಯಿಯ ಹೆಸರು ಅದರ ಸಂಕ್ಷೇಪವೇ. ಶ್ರೀಮಂತರ ಮಡಿಲಿನ ಆ ನಾಯಿಯೂ ಬೀದಿಯ ನೀರುಗುಂಡಿಯೂ ಹೆಸರಿನಲ್ಲಿ ದಾಯಾದಿಗಳು!

‘ಪುಡ್ಡ್’ ಎಂಬುದಕ್ಕೂ ಹಿಂದೆ ಹೋಗಬಹುದೇ? ಯಾಕೋಬ್ ಗ್ರಿಮ್ಮನು ೧೮೨೨ರಲ್ಲಿ ನಿರೂಪಿಸಿದ ವ್ಯಂಜನಪಲ್ಲಟ ಸೂತ್ರದ ಪ್ರಕಾರ ಜರ್ಮಾನಿಕ್ ಭಾಷೆಗಳ ಪದಾದಿ ಪಕಾರವು ಮೂಲ ಇಂಡೋ-ಯೂರೋಪಿಯನ್ ಬಕಾರದಿಂದ ಬಂದಿರಬೇಕು. ಆದರೆ ಆ ಮೂಲಭಾಷೆಯಲ್ಲಿ ಬಕಾರವು ಅತ್ಯಂತ ವಿರಳವಾದ ಧ್ವನಿ. ಈ ಕಾರಣದಿಂದ ಪಕಾರಾದಿಯಾದ ಜರ್ಮಾನಿಕ್ ಶಬ್ದವನ್ನು ಕಂಡಾಗಲೆಲ್ಲ ಅದು ಅನ್ಯಭಾಷೆಯಿಂದ ಬಂದುದೋ, ಅನುಕರಣದಿಂದ ಹುಟ್ಟಿದುದೋ ಎಂದು ವಿದ್ವಾಂಸರು ಶಂಕಿಸುವುದು ವಾಡಿಕೆ. ‘ಪುಡ್ಡ್’ ಶಬ್ದವೂ ಈ ಶಂಕಿತ ವರ್ಗಕ್ಕೆ ಸೇರಿದುದು. ಪ್ರಮಾಣ ಮುಗಿದಲ್ಲಿ ವಿಚಾರವೂ ನಿಲ್ಲತಕ್ಕದ್ದು. ಮುಂದಿನದು ಕಲ್ಪನೆಯ ಕ್ಷೇತ್ರ.

೨

ಆದರೆ ಕಲ್ಪನೆ ನಿಂತಿಲ್ಲ. ಇಂಗ್ಲೆಂಡಿನಲ್ಲಿಯೇ ಈ ಶಬ್ದವನ್ನು ಕುರಿತು ಹುಟ್ಟಿರುವ ಎರಡು ಲೌಕಿಕ ವಿವರಣೆಗಳನ್ನು ನೋಡೋಣ.

ಡಾರ್ಸೆಟ್ ಪ್ರಾಂತದಲ್ಲಿ ಟಾಲ್‌ಪಡಲ್, ಆಫ್‌ಪಡಲ್, ಬ್ರಯಂಟ್ಸ್‌ಪಡಲ್, ಪಡಲ್‌ಟೌನ್ ಎಂಬ ಊರುಗಳಿವೆ. ಟಾಲ್‌ಪಡಲ್ ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ರಹಸ್ಯ ಪ್ರಮಾಣವಚನ ಮಾಡಿಸಿದರೆಂಬ ಆಪಾದನೆಯ ಮೇಲೆ ಅಲ್ಲಿಯ ಆರು ಮಂದಿ ಕೃಷಿಕಾರ್ಮಿಕರಿಗೆ ೧೮೩೪ರಲ್ಲಿ ಏಳು ವರ್ಷಗಳ ದ್ವೀಪಾಂತರ ಶಿಕ್ಷೆಯಾಯಿತು. ಪಡಲ್‌ಟೌನ್ ಥಾಮಸ್ ಹಾರ್ಡಿಯ ಕಾದಂಬರಿಯಲ್ಲಿ ‘ವೆದರ್‌ಬರಿ’ ಎಂಬ ಹೆಸರಿನಿಂದ ಬರುವ ಊರು. ಈ ಹೆಸರುಗಳನ್ನು ಓದಿದವರಿಗೆ ‘ಟೋಲಳ ನೀರುಗುಂಡಿ’, ‘ನೀರುಗುಂಡಿಯ ಪಟ್ಟಣ’ ಎಂದು ಅರ್ಥಮಾಡಬೇಕೆನಿಸುವುದು ಸಹಜ. ವಸ್ತುಸ್ಥಿತಿ ಬೇರೆ. ಈ ಊರುಗಳೆಲ್ಲ ‘ಪಿಡಲ್’ ಎಂಬ ಹೊಳೆಯ ಕಣಿವೆಯಲ್ಲಿವೆ. ೧೦೮೬ರ ಡೂಮ್ಸ್‌ಡೇ ದಾಖಲೆಯಲ್ಲಿ ಇದು ‘ಪಿಡೆಲೆ’ ಎಂದಿದೆ. ಜೌಗು ನೆಲ ಎಂಬುದು ಅದರ ಅರ್ಥ. ‘ಟಾಲ್’ ಎಂಬುದು ಎಡ್ವರ್ಡ್ ದೊರೆಯ ಅಂಗರಕ್ಷಕನ ಪತ್ನಿಯಾಗಿದ್ದು ತನ್ನ ಭೂಮಿಯನ್ನು ಅಬಟ್ಸ್‌ಬರಿಯ ಮಠಕ್ಕೆ ದಾನಮಾಡಿದ ಟೋಲಾ ಎಂಬಾಕೆಯ ಹೆಸರು. ಹಳೆಯ ಇಂಗ್ಲಿಷಿನಲ್ಲಿ ಇಕಾರ ಉಕಾರಗಳು ಮನಬಂದಂತೆ ಒಂದರ ಸ್ಥಾನದಲ್ಲೊಂದು ಬರುವ ಧ್ವನಿಗಳಲ್ಲ. ‘ಪಿಡೆಲೆ’ಗೂ ‘ಪುಡ್ಡ್’ ಶಬ್ದಕ್ಕೂ ನಂಟು ಕಲ್ಪಿಸುವುದಕ್ಕೆ ಆಧಾರವಿಲ್ಲ. ‘ಪಿಡಲ್’ ಎಂಬ ಕ್ರಿಯಾಪದಕ್ಕೆ ಮೂತ್ರವಿಸರ್ಜನೆಯ ಅರ್ಥ ಬಂದ ಮೇಲೆ ಹೆಸರನ್ನು ಸಭ್ಯಗೊಳಿಸಬೇಕೆಂಬ ಆಶೆ ಹುಟ್ಟಿದುದು ಅರ್ಥವಾಗತಕ್ಕ ಸಂಗತಿಯೇ. ವಿಕ್ಟೋರಿಯ ರಾಣಿಯ ಸಂಕೋಚವನ್ನು ತಪ್ಪಿಸುವುದಕ್ಕಾಗಿ ಊರುಗಳ ಹೆಸರನ್ನು ತಿದ್ದಿದರೆಂದೂ ಕಥೆ ಹೇಳುವರು. ಕಥೆ ರಂಜಕವಾಗಿದೆ, ರಂಜಕತೆಯು ಪ್ರಮಾಣವಲ್ಲ. ನಮಗೆ ಇಲ್ಲಿ ಮುಖ್ಯವಾದುದು ಇಷ್ಟು: ಅಕ್ಷರಕ್ಕೆ ಅಕ್ಷರ ಹೊಂದಿಕೊಂಡರೂ ಟಾಲ್‌ಪಡಲಿನ ‘ಪಡಲ್’ ನಮ್ಮ ‘ಪಡಲ್’ ಅಲ್ಲ.

ಎರಡನೆಯದು ಡಾಕ್ಟರ್ ಫಾಸ್ಟರ್ ಎಂಬ ಶಿಶುಪ್ರಾಸ. ೧೮೪೪ರಲ್ಲಿ ಅಚ್ಚಾದ ಈ ಪದ್ಯದಲ್ಲಿ ಗ್ಲಾಸ್ಟರ್ ಪಟ್ಟಣಕ್ಕೆ ಹೊರಟ ವೈದ್ಯನು ಮಳೆಯಲ್ಲಿ ‘ಪಡಲ್’ ಒಂದಕ್ಕೆ ಕಾಲಿಟ್ಟು ನಡುಮಟ್ಟ ಮುಳುಗುತ್ತಾನೆ. ನಡು ಎಂಬರ್ಥದ ‘ಮಿಡಲ್’ ಶಬ್ದದೊಡನೆ ‘ಪಡಲ್’ ಸರಿಯಾಗಿ ಪ್ರಾಸಗೂಡುವುದಿಲ್ಲವಾದ್ದರಿಂದ ಮೂಲದಲ್ಲಿ ತೊರೆಯನ್ನು ಹೇಳುವ ‘ಪಿಡಲ್’ ಇದ್ದಿರಬೇಕೆಂದು ಕೆಲವರು ಊಹಿಸಿದ್ದಾರೆ. ಈ ಊಹೆಯನ್ನು ನಾವು ಒಪ್ಪಲಾರೆವು. ಶಿಶುಪದ್ಯಗಳಲ್ಲಿ ಅರೆಪ್ರಾಸವು ದೋಷವಲ್ಲ, ಸಾಮಾನ್ಯ ಧರ್ಮ. ಅದಕ್ಕಿಂತ ಬಲವಾದ ಕಾರಣ ಪದ್ಯದ ಭಾವದಲ್ಲಿಯೇ ಇದೆ. ತೊರೆಗೆ ಇಳಿದವನು ನಡುಮಟ್ಟ ಮುಳುಗಿದರೆ ಅದರಲ್ಲಿ ಆಶ್ಚರ್ಯವೇನು? ಪಾದ ಮಾತ್ರ ನೆನೆಯಬೇಕಾದ ಕಿರುಗುಂಡಿಯಲ್ಲಿ ನಡುಮಟ್ಟ ಮುಳುಗಿದಾಗ ಮಾತ್ರ ಮಕ್ಕಳು ನಗುತ್ತಾರೆ. ಶಬ್ದದ ಅಲ್ಪಾರ್ಥವೇ ಪದ್ಯದ ಜೀವ. ಪಾಠವನ್ನು ತಿದ್ದಲು ಹೊರಟವರು ಪ್ರಾಸವನ್ನು ಗಳಿಸಿ ಹಾಸ್ಯವನ್ನು ಕಳೆದುಕೊಂಡಿದ್ದಾರೆ.

೩

ಈಗ ನಮ್ಮ ಕಡೆಯ ಪ್ರಲೋಭನವೊಂದನ್ನು ಪರೀಕ್ಷಿಸೋಣ. ಕನ್ನಡದಲ್ಲಿ ‘ಹುದುಲು’, ‘ಹುದಲು’ ಎಂಬ ಶಬ್ದವಿದೆ. ಕೆಸರು, ಕಾಲು ಹೂತುಹೋಗುವ ಜೌಗು ಎಂದು ಅರ್ಥ. ಹಳಗನ್ನಡದ ಪದಾದಿ ಪಕಾರವು ನಡುಗನ್ನಡದಲ್ಲಿ ಹಕಾರವಾಗುವುದು ಸರ್ವವಿದಿತ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಈ ನಿಯಮವನ್ನು ಹಿಂದಕ್ಕೆ ಅನ್ವಯಿಸಿದರೆ ‘ಹುದುಲು’ ಶಬ್ದಕ್ಕೆ ‘ಪುದುಲ್’ ಎಂಬ ಪೂರ್ವರೂಪವನ್ನು ಕಲ್ಪಿಸಬಹುದು. ಒಂದು ಕಡೆ ‘ಪುದುಲ್’, ಇನ್ನೊಂದು ಕಡೆ ‘ಪುಡೆಲ್’. ಅರ್ಥವೂ ಹೆಚ್ಚು ಕಡಮೆ ಒಂದೇ. ಇಂಗ್ಲಿಷ್ ಶಬ್ದವು ಕನ್ನಡದಿಂದ ಹೋಯಿತೆಂದೋ, ಎರಡಕ್ಕೂ ಒಂದೇ ಬೇರೆಂದೋ ಸಾರುವುದಕ್ಕೆ ಉತ್ಸಾಹಿಗಳಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಿಲ್ಲ.

ಆದರೆ ಸಾಮ್ಯವು ಪರೀಕ್ಷೆಯನ್ನು ತಡೆಯಲಾರದು. ಮೊದಲನೆಯದಾಗಿ, ಇಂಗ್ಲಿಷ್ ಶಬ್ದವು ಹದಿನಾಲ್ಕನೆಯ ಶತಮಾನದಲ್ಲಿಯೇ ಬಳಕೆಯಲ್ಲಿದ್ದಿತು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿ ಸ್ಥಾಪನೆಯಾದುದೇ ೧೬೦೦ರಲ್ಲಿ. ಆದಕಾರಣ ಎರವಲಿನ ಮಾತು ಬಿದ್ದುಹೋಗುತ್ತದೆ. ಎರಡನೆಯದಾಗಿ, ಇಂಗ್ಲಿಷ್ ಶಬ್ದದಲ್ಲಿ ಲಕಾರವು ಅಲ್ಪಾರ್ಥಕ ಪ್ರತ್ಯಯ. ಅದನ್ನು ತೆಗೆದರೆ ಉಳಿಯುವುದು ಕಾಲುವೆಯ ಅರ್ಥದ ‘ಪುಡ್ಡ್’. ಕನ್ನಡದ ‘ಹುದುಲು’ ಶಬ್ದದ ಬಂಧುಗಳನ್ನಾದರೋ ‘ಹುದುಗು’ ಎಂಬ ಕನ್ನಡ ಧಾತುವಿನ ಬಳಿ, ಹೂಳು, ಮುಚ್ಚು ಎಂಬರ್ಥದ ತಮಿಳಿನ ‘ಪುದೈ’ ಶಬ್ದದ ಬಳಿ ಹುಡುಕಬೇಕು. ಅಲ್ಲಿಯ ಮೂಲಭಾವ ಹುದುಗಿಹೋಗುವುದು, ಒಳಕ್ಕೆ ಇಳಿಯುವುದು. ಒಂದು ಶಬ್ದ ತಗ್ಗಿನಿಂದ ಹುಟ್ಟಿದೆ, ಇನ್ನೊಂದು ಕಾಲು ಹೂಳುವ ಅನುಭವದಿಂದ ಹುಟ್ಟಿದೆ. ಮೂರನೆಯದಾಗಿ, ಇಂಗ್ಲಿಷಿನ ಡಕಾರಕ್ಕೆ ಕನ್ನಡದ ದಂತ್ಯ ದಕಾರವು ಹೊಂದುವುದೆಂದು ತೋರಿಸುವ ಬೇರೆ ಶಬ್ದಗಳ ಪಂಕ್ತಿಯಿಲ್ಲ. ಒಂದೇ ಜೊತೆಯಿಂದ ನಿಯಮವಾಗದು. ಫ್ರಾನ್ಸಿಸ್ ವೈಟ್ ಎಲಿಸನು ೧೮೧೬ರಲ್ಲಿಯೂ ಕಾಲ್ಡ್‌ವೆಲ್ಲನು ೧೮೫೬ರಲ್ಲಿಯೂ ದ್ರಾವಿಡ ಭಾಷೆಗಳ ಸ್ವತಂತ್ರ ಬಾಂಧವ್ಯವನ್ನು ಸ್ಥಾಪಿಸಿದುದು, ಬರೋ ಮತ್ತು ಎಮೆನೋ ಅವರು ೧೯೬೧ರಲ್ಲಿ ದ್ರಾವಿಡ ವ್ಯುತ್ಪತ್ತಿಕೋಶವನ್ನು ಹೊರತಂದುದು ಇಂಥ ಒಂಟಿ ಜೊತೆಗಳ ಬಲದಿಂದಲ್ಲ. ನೂರಾರು ಶಬ್ದಗಳಲ್ಲಿ ಪುನರಾವರ್ತಿಸುವ ಸಂಬಂಧಗಳ ಬಲದಿಂದ. ಕನ್ನಡವು ಪ್ರಾಚೀನವೂ ಸಂಪನ್ನವೂ ಆದ ಭಾಷೆಯೆಂಬುದಕ್ಕೆ ಆಂಗ್ಲರ ಬೀದಿಯ ನೀರುಗುಂಡಿಯ ಸಾಕ್ಷ್ಯ ಬೇಕಾಗಿಲ್ಲ.

ನಿಜವಾದ ಬಾಂಧವ್ಯ ಹೇಗಿರುವುದೆಂಬುದಕ್ಕೆ ಇದೇ ಅರ್ಥದ ಜರ್ಮನ್ ಶಬ್ದವನ್ನು ನೋಡಬೇಕು. ಶಿಷ್ಟ ಜರ್ಮನಿನಲ್ಲಿ ನೀರುಗುಂಡಿಗೆ ‘ಪ್ಫ್ಯುಟ್ಸೆ’ ಎನ್ನುವರು. ಇದು ಬಾವಿ ಎಂಬರ್ಥದ ಲ್ಯಾಟಿನ್ ‘ಪುಟೆಯುಸ್’ ಶಬ್ದದಿಂದ ಬಹು ಹಿಂದೆಯೇ ಬಂದುದು. ಅದೇ ಲ್ಯಾಟಿನ್ ಶಬ್ದವು ಹಳೆಯ ಇಂಗ್ಲಿಷಿಗೂ ಬಂದು ‘ಪಿಟ್’, ಎಂದರೆ ಗುಣಿ, ಆಗಿ ನಿಂತಿದೆ. ಪಕಾರವು ‘ಪ್ಫ’ಕಾರವಾಗುವುದೂ ಟಕಾರವು ‘ಟ್ಸ’ಕಾರವಾಗುವುದೂ ಶಿಷ್ಟ ಜರ್ಮನಿನಲ್ಲಿ ನೂರಾರು ಶಬ್ದಗಳಿಗೆ ಅನ್ವಯಿಸುವ ನಿಯಮ. ಕಿವಿಗೆ ‘ಪಿಟ್’, ‘ಪ್ಫ್ಯುಟ್ಸೆ’ಗಳು ದೂರ, ಆದರೂ ಅವು ಒಡಹುಟ್ಟಿದವು. ‘ಪುಡೆಲ್’, ‘ಹುದುಲು’ಗಳು ಕಿವಿಗೆ ಹತ್ತಿರ, ಆದರೂ ಅವಕ್ಕೆ ನಂಟಿಲ್ಲ. ಶಬ್ದಮೂಲದ ವಿಷಯದಲ್ಲಿ ಕಿವಿಯನ್ನು ನಂಬಬಾರದೆಂಬುದಕ್ಕೆ ಈ ಎರಡು ಜೊತೆಗಳೇ ಸಾಕು.

೪

ಬಾವಿಯ ಹೆಸರು ಒಂದು ಭಾಷೆಯಲ್ಲಿ ಗುಣಿಗೂ ಇನ್ನೊಂದರಲ್ಲಿ ನೀರುಗುಂಡಿಗೂ ಇಳಿದುಬಂದುದು ಅರ್ಥವಿಚಾರಕ್ಕೆ ಮುಖ್ಯವಾದ ಸಂಗತಿ. ತಗ್ಗನ್ನೂ ಅದರಲ್ಲಿಯ ನೀರನ್ನೂ ಜನರು ಒಂದೇ ಹೆಸರಿನಿಂದ ಕರೆಯುವರು. ಇದಕ್ಕೆ ಕನ್ನಡದ ‘ಹಳ್ಳ’ ಶಬ್ದವೇ ಉತ್ತಮ ಸಾಕ್ಷಿ. ಹಳ್ಳವೆಂದರೆ ಹರಿಯುವ ತೊರೆ. ‘ರಸ್ತೆ ಹಳ್ಳ ಬಿದ್ದಿದೆ’ ಎನ್ನುವಾಗ ಒಣ ತಗ್ಗು. ತಮಿಳಿನ ‘ಪಳ್ಳಂ’ ಶಬ್ದವನ್ನು ನೋಡಿದರೆ ತಗ್ಗು ಎಂಬುದೇ ಮೂಲಾರ್ಥವೆಂದು ತಿಳಿಯುತ್ತದೆ.

ಸಂಸ್ಕೃತವು ಈ ವಿಷಯದಲ್ಲಿ ಒಂದು ಸುಂದರವಾದ ಶಬ್ದವನ್ನು ಕೊಟ್ಟಿದೆ: ‘ಗೋಷ್ಪದ’. ಹಸುವಿನ ಗೊರಸು ಊರಿದ ಗುರುತು, ಅದರಲ್ಲಿ ನಿಂತ ನೀರು ಎಂಬ ಎರಡರ್ಥವೂ ಇದಕ್ಕುಂಟು. ಪಾಣಿನಿಯು ಈ ಶಬ್ದದ ಸಿದ್ಧಿಗೆ ಪ್ರತ್ಯೇಕ ಸೂತ್ರವನ್ನೇ ರಚಿಸಿ, ಪ್ರಮಾಣ, ಎಂದರೆ ಅಳತೆ, ಎಂಬ ಅರ್ಥವನ್ನು ಅದರಲ್ಲಿ ಸೇರಿಸಿದ್ದಾನೆ. ಮಳೆಯ ಪ್ರಮಾಣವನ್ನು ಹೇಳುವ ಸಂದರ್ಭದಲ್ಲಿ ಗೋಷ್ಪದ ತುಂಬುವಷ್ಟು ಮಳೆಯಾಯಿತೆಂಬ ಪ್ರಯೋಗವನ್ನು ವೈಯಾಕರಣರು ಉದಾಹರಿಸುತ್ತಾರೆ. ಹನುಮಂತನಿಗೆ ಸಮುದ್ರವು ಗೋಷ್ಪದದಂತಾಯಿತೆಂಬ ಮಾತು ನಮ್ಮ ಹರಿಕಥೆಗಳವರೆಗೂ ಬಂದಿದೆ. ಒಂದು ಕಡೆ ನೇಗಿಲಿನ ಸಾಲು, ಇನ್ನೊಂದು ಕಡೆ ಹಸುವಿನ ಗೊರಸು: ಸಂಬಂಧವೇ ಇಲ್ಲದ ಎರಡು ಶಬ್ದಗಳು ಒಂದೇ ಬಗೆಯ ಒಕ್ಕಲುತನದ ನೆಲದಿಂದ ಹುಟ್ಟಿರುವುದು ವಿಚಾರಾರ್ಹವಾಗಿದೆ. ಎರಡರಲ್ಲಿಯೂ ಸಣ್ಣತನವುಂಟು, ಹೊಲಸು ಇಲ್ಲ.

೫

ಹಾಗಾದರೆ ‘ಪಡಲ್’ ಶಬ್ದಕ್ಕೆ ಮಲಿನತೆಯ ಛಾಯೆ ಎಲ್ಲಿಂದ ಬಂದಿತು? ಅದು ಮುಖ್ಯವಾಗಿ ಕ್ರಿಯಾಪದದ ಕೊಡುಗೆ. ನಿಂತ ನೀರನ್ನು ಕಲಕಿದರೆ ರಾಡಿಯಾಗುವುದರಿಂದ ‘ಪಡಲ್’ ಎಂಬುದು ಕಲಕು, ಕದಡು ಎಂಬರ್ಥದ ಕ್ರಿಯೆಯೂ ಆಯಿತು. ಷೇಕ್ಸ್‌ಪಿಯರನು ‘ಒಥೆಲೊ’ ನಾಟಕದಲ್ಲಿ ಇದನ್ನು ಮನಸ್ಸಿಗೆ ಅನ್ವಯಿಸಿದ್ದಾನೆ. ರಾಜಕಾರ್ಯದ ಚಿಂತೆಯೇನೋ ಗಂಡನ ತಿಳಿಮನಸ್ಸನ್ನು ಕದಡಿರಬೇಕೆಂದು ಡೆಸ್ಡಿಮೋನ ಊಹಿಸುವಲ್ಲಿ ಬರುವುದು ಈ ಕ್ರಿಯಾಪದವೇ. ಅಲ್ಲಿ ಅದನ್ನು ‘ಕದಡು’ ಎಂದಲ್ಲದೆ ಬೇರೆ ಹೇಗೂ ಕನ್ನಡಿಸಲಾಗದು.

ಕ್ರಿಯಾಪದವು ಮುಂದೆ ಕುಶಲಕರ್ಮಿಗಳ ಕೈಗೆ ಬಂದಿತು. ೧೭೬೧ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆಯನ್ನು ನಿರ್ಮಿಸಿದ ಜೇಮ್ಸ್ ಬ್ರಿಂಡ್ಲೆಯು ಜೇಡಿಮಣ್ಣನ್ನು ನೀರಿನೊಡನೆ ತುಳಿಸಿ ಹದಗೊಳಿಸಿ ಕಾಲುವೆಯ ಮೈಗೆ ಮೆತ್ತಿಸಿದನು. ಸೋರಿಕೆಯನ್ನು ತಡೆಯುವ ಈ ಕೆಲಸಕ್ಕೂ ಹದಗೊಂಡ ಮಣ್ಣಿಗೂ ‘ಪಡಲ್’ ಎಂದೇ ಹೆಸರು. ೧೭೮೪ರಲ್ಲಿ ಹೆನ್ರಿ ಕೋರ್ಟನು ಕುಲುಮೆಯಲ್ಲಿ ಕರಗಿದ ಬೀಡುಕಬ್ಬಿಣವನ್ನು ಸಲಾಕೆಯಿಂದ ಕಲಕಿ, ಅದರಲ್ಲಿಯ ಇಂಗಾಲವನ್ನು ಕಳೆದು, ಮೆದುಕಬ್ಬಿಣ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು, ಅದು ‘ಪಡ್ಲಿಂಗ್’. ಕೃಷಿಶಾಸ್ತ್ರದಲ್ಲಿ ಭತ್ತದ ಗದ್ದೆಗೆ ನೀರು ನಿಲ್ಲಿಸಿ ಉತ್ತು ನಾಟಿಗೆ ಕೆಸರು ಮಾಡುವುದೂ ‘ಪಡ್ಲಿಂಗ್’. ಮಣ್ಣಿನ ಹರಳುಗಳು ಒಡೆದು, ನೀರು ಕೆಳಕ್ಕೆ ಇಂಗುವುದು ಕಡಮೆಯಾಗುವುದೇ ಇದರ ಪ್ರಯೋಜನ. ಬ್ರಿಂಡ್ಲೆಯ ಜೇಡಿಮಣ್ಣಿಗೂ ನಮ್ಮ ಗದ್ದೆಯ ಕೆಸರಿಗೂ ತತ್ತ್ವ ಒಂದೇ. ಇನ್ನು ಮಲೆನಾಡಿನ ದಾರಿಗಳಲ್ಲಿ ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪುಗೂಡಿ ಲವಣಾಂಶವನ್ನು ಹೀರುವುದನ್ನು ಕಾಣಬಹುದು. ಪ್ರಾಣಿಶಾಸ್ತ್ರಜ್ಞರು ಇದನ್ನೂ ಇದೇ ಶಬ್ದದಿಂದ ಕರೆಯುವರು. ಇಲ್ಲಿ ಕಲಕುವುದಿಲ್ಲ, ಕದಡುವುದಿಲ್ಲ. ಸ್ಥಳದ ಹೆಸರು ಕ್ರಿಯೆಗೆ ಹತ್ತಿದೆ.

೬

ಈಗ ಸಮಾನಪದದ ಪ್ರಶ್ನೆ. ‘ಕೊಚ್ಚೆ’ ಎಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಮನೆಯ ಹಿಂದಿನ ಬಚ್ಚಲ ನೀರು, ಕೊಳೆತ ಪದಾರ್ಥ, ದುರ್ನಾತ. ಕೊಚ್ಚೆಯ ಮೇಲೆ ಕಲ್ಲು ಹಾಕಬಾರದೆಂಬ ಲೋಕೋಕ್ತಿಯಲ್ಲಿ ಅದು ನೀಚತನಕ್ಕೆ ಪ್ರತೀಕ. ಕೊಚ್ಚೆ ಮಳೆಯನ್ನು ಅಪೇಕ್ಷಿಸದು, ಬೇಸಗೆಯಲ್ಲಿಯೂ ಇರುತ್ತದೆ. ‘ಪಡಲ್’ ಆದರೋ ಮಳೆಯ ಕೂಸು; ಬಿಸಿಲು ಬಂದರೆ ಇಲ್ಲವಾಗುತ್ತದೆ. ಇಂಗ್ಲಿಷಿನವರು ಕೆಸರುನೀರನ್ನು ಹೇಳಬೇಕಾದಾಗ ‘ಮಡ್ಡಿ ಪಡಲ್’ ಎಂದು ವಿಶೇಷಣ ಸೇರಿಸಿಕೊಳ್ಳುವುದುಂಟು. ಕೆಸರು ಶಬ್ದದಲ್ಲಿಯೇ ನಿತ್ಯವಾಗಿ ಅಡಕವಾಗಿದ್ದರೆ ವಿಶೇಷಣದ ಅಗತ್ಯವೇನಿದ್ದಿತು? ಬೀಟ್ರಿಕ್ಸ್ ಪಾಟರಳ ೧೯೦೮ರ ಕಥೆಯ ಮುಗ್ಧ ಬಾತುಕೋಳಿ ಜೆಮೈಮಳಿಗೆ ‘ಪಡಲ್-ಡಕ್’ ಎಂಬ ಹೆಸರಿದೆ. ಅದನ್ನು ‘ಕೊಚ್ಚೆಬಾತು’ ಎಂದು ಅನುವಾದಿಸಿದರೆ ಮಗುವಿಗೆ ಆ ಪಾತ್ರದ ಮೇಲೆ ಹುಟ್ಟಬೇಕಾದ ಮಮತೆಯು ಜುಗುಪ್ಸೆಯಾಗಿ ಮಾರ್ಪಡುತ್ತದೆ. ಒಂದು ಶಬ್ದದ ತಪ್ಪಿನಿಂದ ಒಂದು ಕೃತಿಯ ರಸವೇ ಕೆಡುವುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಕನ್ನಡಕ್ಕೆ ಈ ಭೇದಗಳು ತಿಳಿಯದವೆಂದು ಯಾರೂ ಹೇಳಲಾರರು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ಕೆಸರು ದುಡಿಮೆಯ ಗುರುತು. ಅಲ್ಲಿ ಕೊಚ್ಚೆ ಎಂದು ಹಾಕಿ ನೋಡಿದರೆ ಗಾದೆ ಸಾಯುತ್ತದೆ. ಕೆಸರು, ರಾಡಿ, ಹುದುಲು, ಕೊಚ್ಚೆ ಇವು ನಾಲ್ಕೂ ಬೇರೆ ಬೇರೆ: ಕೆಸರು ನೀರು ಬೆರೆತ ಮಣ್ಣು, ರಾಡಿ ಕದಡಿದ ನೀರು, ಹುದುಲು ಕಾಲನ್ನು ಹಿಡಿಯುವ ನೆಲ, ಕೊಚ್ಚೆ ಕೊಳೆತ ಹೊಲಸು. ಜನರ ಬಾಯಲ್ಲಿ ಸ್ಪಷ್ಟವಾಗಿರುವ ಈ ವಿವೇಕವು ಸಮಾನಪದಗಳ ಪಟ್ಟಿಯಲ್ಲಿ ಕಾಣೆಯಾಗುವುದು ನಮ್ಮ ಅಲಕ್ಷ್ಯದ ಫಲವೇ ಹೊರತು ಭಾಷೆಯ ದಾರಿದ್ರ್ಯದ ಫಲವಲ್ಲ.

ಆದುದರಿಂದ ನಾಮಪದವಾದ ‘ಪಡಲ್’ ಶಬ್ದಕ್ಕೆ ‘ನೀರುಗುಂಡಿ’, ‘ಮಳೆನೀರಿನ ಕಿರುಹೊಂಡ’ ಎಂಬುವನ್ನು ಮೊದಲಿಗೆ ಕೊಟ್ಟು, ಪ್ರೌಢಗ್ರಂಥಗಳಿಗೆ ‘ಗೋಷ್ಪದ’ವನ್ನು ಸೂಚಿಸಿ, ‘ರಾಡಿಗುಂಡಿ’ಯನ್ನು ಆ ಬಳಿಕ ಇರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಕ್ರಿಯಾಪದಕ್ಕೆ ‘ಕದಡು’, ‘ಕಲಕು’. ಕೃಷಿಯಲ್ಲಿ ‘ಕೆಸರು ಮಾಡು’. ಕಾಲುವೆಯ ಕೆಲಸದಲ್ಲಿ ‘ಮಣ್ಣು ತುಳಿದು ಹದಮಾಡು’. ‘ಕೊಚ್ಚೆ’ಗೆ ಸ್ಥಾನವಿರುವುದು ಸಂದರ್ಭವು ಹೊಲಸನ್ನು ಸ್ಪಷ್ಟವಾಗಿ ಅಪೇಕ್ಷಿಸುವಲ್ಲಿ ಮಾತ್ರ.

ವಿಷಯ ಅಲ್ಪವೆಂದು ತೋರಬಹುದು. ಆದರೆ ಮೂಲವನ್ನು ಹುಡುಕುವಾಗ ಕಿವಿಯ ಮಾತನ್ನು ಕೇಳದಿರುವುದು, ಅರ್ಥವನ್ನು ನಿರ್ಣಯಿಸುವಾಗ ಜನರ ಮಾತನ್ನು ಕೇಳದಿರಬಾರದೆಂಬುದು, ಈ ಎರಡು ನಿಯಮಗಳು ದೊಡ್ಡ ಶಬ್ದಗಳಿಗೂ ಚಿಕ್ಕ ಶಬ್ದಗಳಿಗೂ ಸಮಾನ. ಗೋಷ್ಪದದಲ್ಲಿ ಎಡವಿದವನು ಸಮುದ್ರವನ್ನು ದಾಟುವನೆಂದು ನಂಬುವುದು ಕಷ್ಟ.